ಕರಿಗಲ್ಲಿನ ಸುತ್ತ ಕಲ್ಯಾಣದುರ್ಗದ ಬಸ್ಸು

ಹಿಂದೂಪುರದ ಪೇಟೆಯ ನಡುವೆ ಬಸ್ಸು ಹಾಯುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಮೊದಲು ಹೇಳಿದವರು ಬೆಲ್ಲದ ಮಂಡಿಯ ಚನ್ನವೀರಪ್ಪನವರು. ಅದನ್ನು ಕೇಳಿಸಿಕೊಂಡು, ಅದೇ ಸಂಜೆ, ತಮ್ಮದೇ ಸ್ವಂತ ಯೋಚನೆಯೆಂಬಂತೆ ಹೇಳಿದವರು ನಮ್ಮ ಬಸ್ಸಿನ ಸಾಹುಕಾರರಾದ ಮರಿಬಸಪ್ಪನವರು. ಡ್ರೈವರ್ ಹನುಮಂತು ತುಟಿಯಿಂದ ಬೀಡಿ ತೆಗೆದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬೀಡಿಯನ್ನು ಮತ್ತೆ ತುಟಿಗೆ ಇಟ್ಟುಕೊಂಡ. ಹೀಗೆ ಒಬ್ಬೊಬ್ಬರ ಹೆಸರು ಹಿಡಿದು ಹೇಳುವುದು ಸಣ್ಣತನ ಎಂದು ನಿಮಗೆ ಅನ್ನಿಸಬಹುದು. ಅನ್ನಿಸಲಿ. ಆಗುವುದಿಲ್ಲ ಎಂದವರ ಹೆಸರನ್ನು ಆಗಿಂದಾಗ ನೆನಪಿಟ್ಟುಕೊಳ್ಳದಿದ್ದರೆ, ಕೆಲಸ ಆದ ಮೇಲೆ ಅವರೇ ಬಂದು ‘ನಾನು ಆವತ್ತೇ ಹೇಳಿರಲಿಲ್ವಾ’ ಎಂದು ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತುಬಿಡುತ್ತಾರೆ.

ನನಗೊಂದು ರೋಗವಿದೆ. ಯಾರಾದರೂ ‘ಇದು ನಿನ್ನಿಂದ ಆಗಲ್ಲ’ ಎಂದರೆ ಕಿವಿ ಬಿಸಿಯಾಗುತ್ತದೆ. ಬಿಸಿಯಾದ ಕಿವಿ ಕೆಲಸ ಮುಗಿಯುವವರೆಗೂ ತಣ್ಣಗಾಗುವುದಿಲ್ಲ. ಕಲ್ಯಾಣದುರ್ಗದ ಹತ್ತಿರದ ನಮ್ಮ ಹಳ್ಳಿಯಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದ ಕಾಲದಲ್ಲಿಯೇ ಈ ರೋಗ ಅಂಟಿತು. ನಮ್ಮ ವಂಶದಲ್ಲಿ ಹೈಸ್ಕೂಲಿನ ಬಾಗಿಲು ದಾಟಿದವನು ನಾನೇ ಮೊದಲು. ನಮ್ಮಪ್ಪ ಒಂದು ಸಲ ದಾಟಿದ್ದರಂತೆ, ಆದರೆ ಅದು ಹೆಡ್‌ಮಾಸ್ತರರ ಮನೆಗೆ ಕಡಲೆಕಾಯಿ ಮೂಟೆ ಹೊತ್ತು ಹಾಕಲು, ಹತ್ತಿರದ ದಾರಿ ಎಂದು. ‘ರೈತನ ಮಗ ಕಾಲೇಜಿಗೆ ಹೋದರೆ ನೇಗಿಲು ಹಿಡಿಯೋದು ಮರೀತಾನೆ, ಪೆನ್ನು ಹಿಡಿಯೋದು ಕಲಿಯಲ್ಲ’ ಎಂದು ಊರಿನ ಕಟ್ಟೆಯ ಮೇಲಿದ್ದವರೆಲ್ಲ ತೀರ್ಮಾನ ಕೊಟ್ಟರು. ನಾನು ಅನಂತಪುರಕ್ಕೆ ಹೋದೆ, ಒಂದು ಕೋಣೆಯಲ್ಲಿ ನಾನೇ ಮುದ್ದೆ ತೊಳಸಿಕೊಂಡು ತಿಂದೆ, ತೊಳಸಿದ ಕೋಲಿನ ಪಕ್ಕದಲ್ಲೇ ಪುಸ್ತಕ ಒರಗಿಸಿಟ್ಟುಕೊಂಡು ಓದಿದೆ. ಇಂಗ್ಲೆಂಡಿನ ರಾಜರ ವಂಶಾವಳಿಗೆ ಅಂಟಿಕೊಂಡಿದ್ದ ರಾಗಿಹಿಟ್ಟು ಈಗಲೂ ನನ್ನ ಪುಸ್ತಕದಲ್ಲಿ ನೋಡಲು ಸಿಗುತ್ತದೆ. ಕೊನೆಗೂ ನನ್ನ ಹೆಸರಿನ ಮುಂದೆ ಬಿ.ಎ. ಎಂಬ ಎರಡು ಅಕ್ಷರ ಬಂದು ನಿಂತಾಗ, ಅವನ್ನು ಊರಿನ ಮನೆಯ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬರೆಸಿದೆ. ಮಳೆ ಬಂದು ಹೆಸರು ತೊಳೆದುಹೋಯಿತು, ಬಿ.ಎ. ಮಾತ್ರ ಉಳಿಯಿತು. ಅದು ಯಾರಿಗೆ ಸೇರಿದ್ದೆಂದು ಊರಿನವರಿಗೆಲ್ಲ ಗೊತ್ತಿದ್ದರಿಂದ ಮತ್ತೆ ಬರೆಸಲಿಲ್ಲ.

ಆ ಎರಡು ಅಕ್ಷರ ನೋಡಿ ಮರಿಬಸಪ್ಪನವರು ನನ್ನನ್ನು ಕರೆದು ಬಸ್ಸಿನ ಕಂಪನಿಯ ಮೇನೇಜರ್ ಮಾಡಿದರು. ಕಂಪನಿ ಎಂದರೆ ಒಂದು ಬಸ್ಸು, ಒಂದು ತಗಡಿನ ಶೆಡ್ಡು ಮತ್ತು ಒಂದು ಸ್ಟೂಲು. ಯುದ್ಧದ ಕಾಲದಲ್ಲಿ ಇದ್ದಿಲು ತಿಂದು ಬದುಕಿದ್ದ ಆ ಬಸ್ಸು ಆಗಷ್ಟೇ ಪೆಟ್ರೋಲಿನ ರುಚಿ ಕಂಡಿತ್ತು. ಹಾಗಾಗಿ ಹ್ಯಾಂಡಲ್ ಹಾಕಿ ತಿರುಗಿಸಿದಾಗ ಹಿಂದಿನಷ್ಟು ಹೊತ್ತು ಮುನಿಸಿಕೊಳ್ಳುತ್ತಿರಲಿಲ್ಲ. ದಿನಾ ಬೆಳಿಗ್ಗೆ ಕಲ್ಯಾಣದುರ್ಗದಲ್ಲಿ ಹೊರಟು, ಪೆನುಕೊಂಡದ ಬೆಟ್ಟದ ಕೆಳಗೆ ನೀರು ಕುಡಿದು, ಮಧ್ಯಾಹ್ನಕ್ಕೆ ಮುಂಚೆ ಹಿಂದೂಪುರದ ಪೆನುಕೊಂಡ ರಸ್ತೆಯ ಸ್ಟ್ಯಾಂಡಿಗೆ ಬಂದು ನಿಲ್ಲುತ್ತಿತ್ತು. ಅಲ್ಲಿಗೆ ನಮ್ಮ ಬಸ್ಸಿನ ಲೋಕ ಮುಗಿಯಿತು. ಅಲ್ಲಿಂದ ಮುಂದೆ ಕೊಡಿಕೊಂಡದ ಕಡೆಗೆ ಹೋಗುವ ಬಸ್ಸು ಬೇರೆ ಸಾಹುಕಾರರದು, ಅದು ಹೊರಡುವುದು ಊರಿನ ಇನ್ನೊಂದು ತುದಿಯ ಕೊಡಿಕೊಂಡ ರಸ್ತೆಯ ಸ್ಟ್ಯಾಂಡಿನಿಂದ. ಎರಡು ಸ್ಟ್ಯಾಂಡುಗಳ ನಡುವೆ ಇಡೀ ಪೇಟೆ ಮಲಗಿತ್ತು: ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿ, ಇವನ್ನು ಕೊಳ್ಳುವವರು, ಇವರ ಎತ್ತುಗಳು. ನಮ್ಮ ಬಸ್ಸಿನಿಂದ ಇಳಿದವರು ಗಂಟುಮೂಟೆ ತಲೆಯ ಮೇಲಿಟ್ಟುಕೊಂಡು ಆ ಪೇಟೆಯನ್ನು ಓಡುತ್ತ ದಾಟಬೇಕು. ಮೆಣಸಿನಕಾಯಿ ಬೀದಿಯಲ್ಲಿ ಸೀನುತ್ತ, ಬೆಲ್ಲದ ಬೀದಿಯಲ್ಲಿ ಚಪ್ಪಲಿ ಅಂಟಿಸಿಕೊಳ್ಳುತ್ತ ಆ ತುದಿ ಮುಟ್ಟುವಷ್ಟರಲ್ಲಿ ಕೊಡಿಕೊಂಡದ ಬಸ್ಸಿನ ಧೂಳು ಮಾತ್ರ ಕಾಣುತ್ತಿತ್ತು. ಜಟಕಾ ಹತ್ತಿದವರ ಪಾಡು ಇನ್ನೂ ಚೆನ್ನ. ಬೆಲ್ಲದ ಗಾಡಿಗಳ ನಡುವೆ ಸಿಕ್ಕಿಕೊಂಡ ಜಟಕಾದಲ್ಲಿ ಮೊದಲು ಕುದುರೆಗೆ ನಿದ್ದೆ ಬರುತ್ತಿತ್ತು, ಆಮೇಲೆ ಜಟಕಾದವನಿಗೆ. ಊರ ಹೊರಗಿನ ಬಂಡಿದಾರಿಯಲ್ಲಿ ಸುತ್ತಿ ಹೋಗೋಣವೆಂದರೆ ಅಲ್ಲಿ ಗಾಲಿ ಮುಳುಗುವಷ್ಟು ಮರಳು. ‘ನಮ್ಮವರು ಬರುವವರೆಗೆ ಸ್ವಲ್ಪ ಕಾಯಿರಿ’ ಎಂದು ಕೊಡಿಕೊಂಡದ ಬಸ್ಸಿನವರನ್ನು ನಾನೇ ಹೋಗಿ ಕೇಳಿದೆ. ‘ನಮ್ಮ ಬಸ್ಸು ಯಾರಪ್ಪನಿಗೂ ಕಾಯೋದಲ್ಲ’ ಎಂದು ಅವರು ಹೇಳಿದರು. ನಮ್ಮಪ್ಪ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದರಿಂದ ಆ ಮಾತು ನನಗೆ ತಟ್ಟಲಿಲ್ಲ.

ತಟ್ಟಿದ್ದು ನಮ್ಮವ್ವನ ಮಾತು. ನಮ್ಮಕ್ಕನನ್ನು ಕೊಡಿಕೊಂಡದ ಪಕ್ಕದ ಹಳ್ಳಿಗೆ ಕೊಟ್ಟಿದೆ. ಅತ್ತೆ ಇಲ್ಲದ ಮನೆ. ಚೊಚ್ಚಲು ಹೆರಿಗೆಗೆ ತವರಿಗೆ ಬಂದಿದ್ದಳು. ಎರಡನೆಯದಕ್ಕೆ ಮನೆ, ದನ, ಮಗು ಬಿಟ್ಟು ಬರಲಾಗದೆ ಅಲ್ಲೇ ಉಳಿದಳು. ಅವ್ವ ಬಾಣಂತನಕ್ಕೆಂದು ಶುಂಠಿ, ಮೆಣಸು, ಹಳೇ ಸೀರೆ ಎಲ್ಲ ಗಂಟು ಕಟ್ಟಿಕೊಂಡು ನಮ್ಮ ಬಸ್ಸಿನಲ್ಲೇ ಬಂದಳು. ಮೇನೇಜರನ ತಾಯಿ ಎಂದು ಮುಂದಿನ ಸೀಟು ಕೊಡಿಸಿದ್ದೆ. ಆದರೆ ಸೀಟಿಗೆ ಕಾಲಿಲ್ಲವಲ್ಲ. ಪೇಟೆ ದಾಟುವಷ್ಟರಲ್ಲಿ ಆ ಬಸ್ಸು ಹೋಯಿತು. ಮಾರನೆಯ ದಿನ ಅವ್ವ ಹೋಗಿ ನೋಡಿದರೆ ಮಗು ಹುಟ್ಟಿ, ನೀರು ಹುಯ್ಯಿಸಿಕೊಂಡು, ನಿದ್ದೆಯನ್ನೂ ಮಾಡುತ್ತಿತ್ತು. ತಿರುಗಿ ಬಂದವಳು ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತು ಹೇಳಿದಳು: “ಮೊಮ್ಮಗೀಗೆ ಮೊದಲ್ನೇ ನೀರು ಪಕ್ಕದ ಮನೆಯೋಳು ಹುಯ್ದವ್ಳೆ ಕಣಪ್ಪ. ನಾನು ಹೋಗೋವೊತ್ಗೆ ಅವ್ಳೇ ಅಜ್ಜಿ ಆಗ್ಬುಟ್ಟವ್ಳೆ. ನನ್ನ ನೋಡಿ ‘ಬನ್ನಿ ಕೂತ್ಕಳಿ’ ಅಂತ ಮಣೆ ಹಾಕ್ತಾಳೆ, ನನ್ನ ಮಗಳ ಮನೇಲಿ ನಂಗೆ!” ಆಮೇಲೆ ನನ್ನ ಶೆಡ್ಡು ನೋಡಿ, “ಇಷ್ಟು ಓದಿ ನೀನು ಮಾಡಾದೇನು, ಬಸ್ಸು ಬಂತು ಅಂತ ನೋಡಾದಾ?” ಎಂದಳು. ಕಿವಿ ಬಿಸಿಯಾಯಿತು. ಅಕ್ಕ ಮತ್ತೆ ಬಸುರಿ ಎಂಬ ಸುದ್ದಿ ಬಂದ ದಿನ ನಾನು ಅವ್ವನಿಗೆ ಮಾತು ಕೊಟ್ಟುಬಿಟ್ಟೆ. ಈ ಸಲ ನೀನು ಕಲ್ಯಾಣದುರ್ಗದಲ್ಲಿ ಬಸ್ಸು ಹತ್ತು, ಹಿಂದೂಪುರದ ಪೇಟೆಯ ಧೂಳಿಗೆ ನಿನ್ನ ಕಾಲು ಸೋಕಬಾರದು, ಬಸ್ಸೇ ಊರ ನಡುವೆ ಹಾದು ಕೊಡಿಕೊಂಡದ ಬಸ್ಸಿನ ಪಕ್ಕದಲ್ಲಿ ನಿನ್ನನ್ನು ಇಳಿಸುತ್ತದೆ ಎಂದು.

ಮಾತು ಕೊಡುವುದು ಸುಲಭ. ಮರಿಬಸಪ್ಪನವರು ಎಲೆಅಡಿಕೆ ಹಾಕಿಕೊಂಡು ದಾರಿ ತೋರಿಸಿದರು: “ಮೇನೇಜ್ರೇ, ಪುರಸಭೆ ಓವರ್‌ಸಿಯರ್ ಬಂದು ನೋಡ್ಬೇಕು. ಈ ಬೀದೀಲಿ ಮೋಟಾರು ಹೋಗಬೋದು, ಬರಬೋದು, ನಡುವೆ ತಿರುಗೋಕೂ ಜಾಗ ಐತೆ ಅಂತ ಸರ್ಟಿಫಿಕೇಟು ಕೊಡ್ಬೇಕು. ಆಮೇಲೆ ಪರ್ಮಿಟ್ಟು. ಅದೆಲ್ಲ ಆಗಾದಲ್ಲ, ಬುಟ್ಬುಡಿ.” ಬಿಡುವ ಜಾತಿ ನಮ್ಮದಲ್ಲ. ಬಸ್ಸಿನ ಅಗಲಕ್ಕೆ ಸರಿಯಾಗಿ ಒಂದು ಬೊಂಬು ಕತ್ತರಿಸಿದೆ, ಎರಡು ತುದಿಗೂ ಕೆಂಪು ಬಟ್ಟೆ ಕಟ್ಟಿದೆ, ಬೆಳಿಗ್ಗೆ ಬೆಳಿಗ್ಗೆ ಅದನ್ನು ಎದೆಗೆ ಅಡ್ಡಲಾಗಿ ಹಿಡಿದು ಪೇಟೆಯ ಈ ತುದಿಯಿಂದ ಆ ತುದಿಗೆ ನಡೆಯತೊಡಗಿದೆ. ಬೊಂಬು ಎಲ್ಲಿ ತಾಗಿತೋ ಅಲ್ಲಿ ಸುಣ್ಣದ ಗುರುತು. ಮೊದಲ ದಿನವೇ ಅದು ಒಬ್ಬರ ಪೇಟಕ್ಕೆ ತಾಗಿತು. ಅಲ್ಲಿ ಗುರುತು ಹಾಕಲಿಲ್ಲ. ಹುಣಸೆಹಣ್ಣಿನ ರಾಶಿಯ ಹಿಂದೆ ಕೂತಿದ್ದ ಮುದುಕಿಯೊಬ್ಬಳು, “ಏನಪ್ಪೋ, ಒಂದೇ ಬೊಂಬು ತಂದೀಯ? ಹೆಣ ಎತ್ತಾಕೆ ಎರಡು ಬೇಕಲ್ಲಪ್ಪಾ!” ಎಂದಳು. ಸುತ್ತ ಇದ್ದವರೆಲ್ಲ ನಕ್ಕರು. ವಾರ ಕಳೆಯುವಷ್ಟರಲ್ಲಿ ನನಗೆ ‘ಬೊಂಬಿನ ಬಿ.ಎ.’ ಎಂದು ಹೆಸರು ಬಿತ್ತು. ಇದ್ದ ಎರಡಕ್ಷರ ಬಿಡಲಿಲ್ಲವಲ್ಲ ಎಂದು ನಾನೂ ಸಮಾಧಾನ ಮಾಡಿಕೊಂಡೆ.

ಬೊಂಬು ಹೇಳಿದ್ದು ಇಷ್ಟು: ಬೀದಿ ಅಗಲವಾಗಿಯೇ ಇದೆ, ಅಂಗಡಿಗಳು ಮುಂದೆ ಚಾಚಿಕೊಂಡ ಚಪ್ಪರಗಳು ಅದನ್ನು ಕಿರಿದು ಮಾಡಿವೆ. ಚಪ್ಪರ ತೆಗೆಯಿರಿ ಎಂದರೆ ಒಬ್ಬೊಬ್ಬ ವರ್ತಕರೂ ಪಕ್ಕದವರನ್ನು ತೋರಿಸಿದರು. ಪಕ್ಕದವರು ತೆಗೆದರೆ ತಾವೂ ತೆಗೆಯುತ್ತೇವೆ ಎಂಬ ಧರ್ಮ ಬೀದಿಯ ಕೊನೆಯವರೆಗೂ ಒಂದೇ ರೀತಿ ಇತ್ತು. ಕೊನೆಯ ಅಂಗಡಿಯವನಿಗೆ ಪಕ್ಕದವರೇ ಇರಲಿಲ್ಲ, ಅವನ ಆ ಕಡೆ ಬಾವಿ. ಅವನಿಂದ ಹಿಡಿದು ವಾಪಸು ಬಂದೆ. ಕೊಡಿಕೊಂಡದ ಕಡೆಯ ಗಿರಾಕಿಗಳು ನಾಳೆ ನಿಮ್ಮ ಬಾಗಿಲಿಗೇ ಬಂದು ಇಳಿಯುತ್ತಾರೆ ಎಂದು ಕನ್ನಡದಲ್ಲಿ ಹೇಳಿದೆ, ತೆಲುಗಿನಲ್ಲಿ ಹೇಳಿದೆ, ಎರಡೂ ಬೆರೆಸಿ ಹೇಳಿದೆ. ಓವರ್‌ಸಿಯರ್ ಪರೀಕ್ಷೆಗೆ ಬರುವ ಒಂದು ದಿನದ ಮಟ್ಟಿಗೆ ಚಪ್ಪರ ಬಿಚ್ಚಲು ಒಪ್ಪಿದರು. ಗೆದ್ದೆ ಎಂದುಕೊಂಡು ಬೆಲ್ಲದ ಮಂಡಿಗೆ ಹೋದರೆ ಚನ್ನವೀರಪ್ಪನವರು ನನ್ನ ದಾರಿಗೆ ಇನ್ನೊಂದು ಅಡ್ಡಗಲ್ಲು ಹಿಡಿದು ಕಾಯುತ್ತಿದ್ದರು. ಅದು ಕರಿಗಲ್ಲು.

ಊರು ಕಟ್ಟುವ ದಿನ ನಡುಮಧ್ಯೆ ಒಂದು ಕಲ್ಲು ನೆಟ್ಟು ಪೂಜೆ ಮಾಡುವುದು ನಮ್ಮ ಕಡೆಯ ಪದ್ಧತಿ. ಕನ್ನಡದವರು ಕರಿಗಲ್ಲು ಎನ್ನುತ್ತೇವೆ, ತೆಲುಗಿನವರು ಬೊಡ್ರಾಯಿ ಎನ್ನುತ್ತಾರೆ. ಅರಿಶಿನ ಕುಂಕುಮ ಎರಡು ಭಾಷೆಯವರೂ ಹಚ್ಚುತ್ತಾರೆ. ಪೇಟೆಯ ನಾಲ್ಕು ಬೀದಿ ಕೂಡುವ ಕಡೆ ಅದು ಮೊಣಕಾಲೆತ್ತರ ಎದ್ದು ನಿಂತಿದೆ. ಅದರ ಸುತ್ತ ಮಾತ್ರ ಯಾರೂ ಚಪ್ಪರ ಚಾಚಿಲ್ಲ, ಯಾರೂ ಮೂಟೆ ಇಟ್ಟಿಲ್ಲ. ಅದನ್ನು ದಾಟುವಾಗ ಬಲಗಡೆಗೆ ಬಿಟ್ಟುಕೊಂಡೇ ದಾಟಬೇಕು, ದೇವಸ್ಥಾನದ ಪ್ರದಕ್ಷಿಣೆಯ ಹಾಗೆ. ಎಡಕ್ಕೆ ಬಿಟ್ಟರೆ ಊರಿಗೇ ಕೇಡು. “ಎತ್ತಿನ ಗಾಡಿ ಹೋಯ್ತವಲ್ಲ ಅಂತೀರ,” ಎಂದರು ಚನ್ನವೀರಪ್ಪ. “ಎತ್ತಿಗೆ ಗ್ಯಾನ ಐತೆ ಸಾಮಿ. ಕರಿಗಲ್ಲು ಬಂತು ಅಂದ್ರೆ ಅದೇ ಬಲಕ್ಕೆ ಬುಟ್ಕಂಡು ಹೋಯ್ತದೆ. ನಿಮ್ಮ ಬಸ್ಸಿಗೇನು ಗೊತ್ತು? ಪೆಟ್ರೋಲು ಕುಡ್ದಿರೋದು!” ಅವರ ಹಿಂದೆ ಕೂತಿದ್ದವರೆಲ್ಲ ತಲೆದೂಗಿದರು. ನಾನು ಓದಿದ ಯಾವ ಪುಸ್ತಕದಲ್ಲೂ ಇದಕ್ಕೆ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ನಮ್ಮ ಶೆಡ್ಡಿನ ಗೋಡೆಯ ಮೇಲೆ. ಮೋಟಾರು ನಡೆಸುವವರಿಗೆ ಸರ್ಕಾರ ಹಾಕಿದ ನಿಯಮದ ಹಲಗೆ ಅಲ್ಲಿ ತೂಗುತ್ತಿತ್ತು. ಅದರ ಮೇಲೆ ಹನುಮಂತು ಅಂಗಿ ನೇತುಹಾಕುತ್ತಿದ್ದ. ಅಂಗಿ ತೆಗೆದು ಓದಿದೆ. ವಾಹನವನ್ನು ರಸ್ತೆಯ ಎಡಬದಿಯಲ್ಲೇ ನಡೆಸತಕ್ಕದ್ದು. ಓದಿದವನೇ ಶೆಡ್ಡಿನಲ್ಲಿ ಎದ್ದು ನಿಂತೆ. ಗಾಡಿ ಎಡಬದಿಯಲ್ಲಿ ಹೋದರೆ ನಡುವೆ ಇರುವ ಕಲ್ಲು ಬಲಕ್ಕೆ ಬಾರದೆ ಎಲ್ಲಿಗೆ ಹೋಗುತ್ತದೆ! ಹೋಗುವಾಗಲೂ ಬಲಕ್ಕೆ, ಬರುವಾಗಲೂ ಬಲಕ್ಕೆ. ನೆಟ್ಟಗೆ ಮಂಡಿಗೆ ಓಡಿದೆ. ಒಂದು ಬೆಲ್ಲದ ಉಂಡೆಯನ್ನು ಗಾದಿಯ ನಡುವೆ ಇಟ್ಟು ಕರಿಗಲ್ಲು ಎಂದೆ, ಬೆಂಕಿಪೊಟ್ಟಣ ಇಟ್ಟು ಬಸ್ಸು ಎಂದೆ. ಚನ್ನವೀರಪ್ಪನವರು ನನ್ನ ಕೈಯಿಂದ ಬಸ್ಸನ್ನು ಕಿತ್ತುಕೊಂಡು ತಾವೇ ಆ ಕಡೆ ಹೊಡೆದರು, ಈ ಕಡೆ ಹೊಡೆದರು, ಸಂದೇಹ ಬಂದು ಇನ್ನೊಂದು ಸಲ ಬಾಯಲ್ಲಿ ‘ಪೊಂ ಪೊಂ’ ಎನ್ನುತ್ತ ಹೊಡೆದರು. ಆಮೇಲೆ ಕರಿಗಲ್ಲಿನ ಮೂಲೆ ಮುರಿದು ಬಾಯಿಗೆ ಹಾಕಿಕೊಂಡು, “ಹಂಗಾರೆ ಸರ್ಕಾರದೋರು ನಮ್ಮನ್ನ ಕೇಳೇ ಕಾನೂನು ಮಾಡವ್ರೆ ಅನ್ನಿ,” ಎಂದು ಒಪ್ಪಿಗೆ ಕೊಟ್ಟರು.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ನಾನು ಬುದ್ಧಿವಂತ. ಗೆದ್ದ ವಾದವನ್ನು ಒಂದೇ ಸಲ ಹೇಳಿ ಸುಮ್ಮನಾಗುವುದು ಓದಿದವರ ಕೈಲಿ ಆಗುವುದಿಲ್ಲ. ಹನುಮಂತುವನ್ನು ಕೂರಿಸಿಕೊಂಡು ಅದನ್ನೇ ಉಪದೇಶ ಮಾಡಿದೆ. “ಹನುಮಂತಣ್ಣ, ಇನ್ನು ಮೇಲೆ ನೀನು ಬಸ್ಸು ಹೊಡೆಯೋದು ಬರೀ ಬಸ್ಸು ಹೊಡೆಯೋದಲ್ಲ, ಪ್ರದಕ್ಷಿಣೆ. ಬಸ್ಸಿನಲ್ಲಿ ಕೂತವರ ಪುಣ್ಯವೆಲ್ಲ ನಿನ್ನ ಕೈಯಲ್ಲಿದೆ” ಎಂದೆ. ಅವನು ಬೀಡಿ ತೆಗೆದ. ಈ ಸಲ ಅದನ್ನು ತುಟಿಗೆ ವಾಪಸು ಇಡಲಿಲ್ಲ, ಆರಿಸಿ ಎಸೆದುಬಿಟ್ಟ. “ಸಾಮಿ, ನಾನು ಅಷ್ಟು ದೂರ ಯೋಚ್ನೆ ಮಾಡಿರ್ಲಿಲ್ಲ,” ಎಂದ. ಆಗಲೇ ನನಗೆ ಭಯವಾಗಬೇಕಿತ್ತು. ಆಗಿದ್ದು ಹೆಮ್ಮೆ.

ಪರೀಕ್ಷೆಯ ದಿನವೂ ಅಕ್ಕನ ಹೆರಿಗೆಯ ದಿನಗಳೂ ಒಟ್ಟಿಗೇ ಬಂದವು. ಅವ್ವ ನಾನು ಹೇಳಿದ ಮಾತಿನಂತೆ ಕಲ್ಯಾಣದುರ್ಗದಲ್ಲಿ ಬಸ್ಸು ಹತ್ತಿ, ತೊಡೆಯ ಮೇಲೆ ಗಂಟು, ಕಾಲ ಬಳಿ ಕಟ್ಟಿಹಾಕಿದ ಕೋಳಿ ಇಟ್ಟುಕೊಂಡು ಪೆನುಕೊಂಡ ರಸ್ತೆಯ ಸ್ಟ್ಯಾಂಡಿಗೆ ಬಂದಳು. ಬಸ್ಸಿನ ತುಂಬ ಜನ. ಪೇಟೆಯೊಳಗೆ ಬಸ್ಸು ಹೋಗುತ್ತದಂತೆ ಎಂದು ಕೆಲಸವಿಲ್ಲದವರೂ ಹತ್ತಿದ್ದರು. ಓವರ್‌ಸಿಯರ್ ಸಾಹೇಬರು ಟೋಪಿ ಹಾಕಿಕೊಂಡು ಬಂದು ಹನುಮಂತುವಿನ ಪಕ್ಕದಲ್ಲಿ ಕೂತರು. ಮಾತು ಕಡಿಮೆಯ, ತೆಲುಗಿನ ಮನುಷ್ಯ. ಮರಿಬಸಪ್ಪನವರು ಸೇವಂತಿಗೆ ಹಾರ ಹಿಡಿದುಕೊಂಡು ಸ್ಟ್ಯಾಂಡಿನಲ್ಲೇ ಉಳಿದರು. ಬಸ್ಸು ಆ ತುದಿ ಮುಟ್ಟಿ ತಿರುಗಿ ಬಂದರೆ ಅದರ ಮೂತಿಗೆ ಹಾಕಲು. ಬಾರದಿದ್ದರೆ ಹಾರವನ್ನು ಮನೆಯ ದೇವರಿಗೆ ಹಾಕುವುದೆಂದು ಮೊದಲೇ ಹೇಳಿದ್ದರು. ನಾನು ಬಾಗಿಲ ಮೆಟ್ಟಿಲ ಮೇಲೆ ನಿಂತು ‘ರೈಟ್’ ಎಂದೆ. ನನ್ನ ಇಂಗ್ಲಿಷ್ ಓದು ಅಷ್ಟು ಸಾರ್ಥಕವಾಗಿ ಅದಕ್ಕೆ ಮುಂಚೆ ಉಪಯೋಗಕ್ಕೆ ಬಂದಿರಲಿಲ್ಲ.

ಬಸ್ಸು ಪೇಟೆಗೆ ನುಗ್ಗಿತು. ಚಪ್ಪರಗಳಿಲ್ಲದ ಬೀದಿ ಕ್ಷೌರ ಮಾಡಿಸಿಕೊಂಡವರ ತಲೆಯ ಹಾಗೆ ಗುರುತೇ ಸಿಗದಂತೆ ಇತ್ತು. ನನ್ನ ಬೊಂಬು ಸುಳ್ಳು ಹೇಳಿರಲಿಲ್ಲ. ಎರಡೂ ಕಡೆ ಮೊಳ ಮೊಳ ಜಾಗ ಬಿಟ್ಟು ಬಸ್ಸು ಹಾಯಿತು. ಮಹಡಿಯ ಮೇಲಿಂದ ಹೆಂಗಸರು ಮಂಡಕ್ಕಿ ಎರಚಿದರು. ಕರಿಗಲ್ಲು ಬಂತು. ಹನುಮಂತು ಎಡಕ್ಕೆ ಹಿಡಿದ, ಕಲ್ಲು ಬಲಕ್ಕೆ ಬಂತು, ಚನ್ನವೀರಪ್ಪನವರು ಮಂಡಿಯ ಮೆಟ್ಟಿಲ ಮೇಲಿಂದ ಕೈಮುಗಿದರು. ಇನ್ನೇನು ಎದುರಿನ ಕೊಡಿಕೊಂಡ ರಸ್ತೆಗೆ ಹೋಗಬೇಕು. ಬಸ್ಸು ಹೋಗಲಿಲ್ಲ. ಬಲಕ್ಕೆ ಬಾಗಿತು, ಇನ್ನೂ ಬಾಗಿತು, ಕಲ್ಲಿನ ಸುತ್ತ ಒಂದು ಪೂರ್ತಿ ಸುತ್ತು ಬಂದು ಮತ್ತೆ ಮಂಡಿಯ ಮುಂದೆ ಹಾಯಿತು. “ಹನುಮಂತಣ್ಣಾ, ನೆಟ್ಟಗೆ!” ಎಂದು ಕೂಗಿದೆ. ಅವನು ನೆಟ್ಟಗೆ ಕೂತಿದ್ದ, ತುಟಿ ಮಾತ್ರ ಅಲ್ಲಾಡುತ್ತಿತ್ತು. ಏನೋ ಮಂತ್ರ. ಎರಡನೆಯ ಸುತ್ತು. ಹಿಂದಿನಿಂದ ಯಾರೋ, “ಏನ್ಲಾ ಹನುಮಂತು, ಬಸ್ಸು ಅಂತ ಹತ್ತಿಸ್ಕಂಡು ಜಾತ್ರೆ ರಾಟ್ಲೆ ಮಾಡ್ಬುಟ್ಟಲ್ಲೋ!” ಎಂದರು. ಇನ್ನೊಬ್ಬರು, “ಸುಮ್ಕಿರಿ, ಕಾಸಿಲ್ದೆ ಸುತ್ತಿಸ್ತಾವ್ನೆ,” ಎಂದರು. ಓವರ್‌ಸಿಯರ್ ಸಾಹೇಬರು ಟೋಪಿಯನ್ನು ಎರಡು ಕೈಯಿಂದ ಒತ್ತಿ ಹಿಡಿದುಕೊಂಡು ಮೊದಲ ಸಲ ಬಾಯಿಬಿಟ್ಟರು: “ಏಮಯ್ಯಾ, ಇದಿ ಬಸ್ಸಾ, ಗಾನುಗಾ?” ಬಸ್ಸೋ ಎಣ್ಣೆ ಗಾಣವೋ ಎಂಬ ಆ ಪ್ರಶ್ನೆಗೆ ಉತ್ತರ ಕೊಡುವಷ್ಟರಲ್ಲಿ ಮೂರನೆಯ ಸುತ್ತು ಆರಂಭವಾಗಿತ್ತು. ಅವ್ವ ಮಾತ್ರ ಪಕ್ಕದ ಹೆಂಗಸಿಗೆ ಸಮಾಧಾನ ಹೇಳುತ್ತಿದ್ದಳು: “ಇರವ್ವ, ಪರದಕ್ಷಿಣೆ ಹಾಕ್ತಾವ್ನೆ. ಅರ್ಧಕ್ಕೆ ಬುಟ್ರೆ ಆಯ್ತದಾ?”

ಅಲ್ಲಿಗೆ ನನಗೆ ಹೊಳೆಯಿತು. ಪ್ರದಕ್ಷಿಣೆ ಎಂದು ನಾನೇ ಹೇಳಿದ್ದೆ. ಪಕ್ಕದಲ್ಲಿ ಹಾದುಹೋದರೆ ಅದು ಅರೆ ಸುತ್ತು, ಪ್ರದಕ್ಷಿಣೆಯನ್ನು ಯಾರೂ ಅರೆಯಲ್ಲಿ ಬಿಡುವುದಿಲ್ಲ, ಹಾಕಿದರೆ ಮೂರಕ್ಕೆ ಕಡಿಮೆ ಹಾಕುವುದೂ ಇಲ್ಲ. ಇಷ್ಟನ್ನು ಯೋಚಿಸಲು ನನಗೆ ಕಾಲೇಜು ಅಡ್ಡ ಬಂದಿತ್ತು, ಅವನಿಗೆ ಬಂದಿರಲಿಲ್ಲ. ಮೂರೂ ಮುಗಿಸಿ ಹನುಮಂತು ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಮುಗಿದ. ಬಸ್ಸು ತನಗೆ ಸರಿ ಕಂಡ ಬೀದಿಗೆ ಹೊರಳಿತು. ಧೂಳೆಂದರೆ ಧೂಳು. ಯಾವ ಬೀದಿ ಯಾವುದೆಂದು ಪೇಟೆಯವರು ಗುರುತಿಸುತ್ತಿದ್ದುದೇ ಚಪ್ಪರಗಳಿಂದ. ಹಸಿರು ಚಪ್ಪರವಿದ್ದರೆ ಬೆಲ್ಲದ ಬೀದಿ, ತೆಂಗಿನ ಗರಿಯದಾದರೆ ಹುಣಸೆಹಣ್ಣಿನದು. ಅವೆಲ್ಲವನ್ನೂ ಒಂದೊಂದಾಗಿ ಬಿಚ್ಚಿಸಿದ ಮಹಾನುಭಾವ ಮೆಟ್ಟಿಲ ಮೇಲೆ ನಿಂತು ಕೆಮ್ಮುತ್ತಿದ್ದ. ಕೆಮ್ಮು ನಿಂತು ಕಣ್ಣು ಬಿಟ್ಟಾಗ ಎದುರಿಗೆ ನಮ್ಮದೇ ತಗಡಿನ ಶೆಡ್ಡು, ನಮ್ಮದೇ ಸ್ಟೂಲು, ಹಾರ ಹಿಡಿದ ಮರಿಬಸಪ್ಪನವರು.

ಅವರ ಸಂತೋಷ ಹೇಳತೀರದು. “ಭಲಾ ಹನುಮಂತು! ಇಷ್ಟು ಬೇಗ ಆ ತುದಿ ಮುಟ್ಟಿ ಬಂದ್ಬುಟ್ಟಾ!” ಎಂದು ಹಾರವನ್ನು ಬಸ್ಸಿನ ಮೂತಿಗೆ ಹಾಕಿ, “ಆಗ್ತದೆ ಅಂತ ನಂಗೆ ಮೊದ್ಲೇ ಗೊತ್ತಿತ್ತು ಕಣಪ್ಪ,” ಎಂದು ನನ್ನ ಬೆನ್ನು ತಟ್ಟಿದರು. ಬಸ್ಸಿನೊಳಗಿನಿಂದ ಒಂದು ಧ್ವನಿ, “ಸಾವ್ಕಾರ್ರೇ, ನಾವಿನ್ನೂ ಹೋಗೇ ಇಲ್ಲ!” ಎಂದಿತು. ಅವರ ಕೈ ನನ್ನ ಬೆನ್ನ ಮೇಲೇ ನಿಂತಿತು. ನಾನು ಅವರ ಮುಖ ನೋಡಲಿಲ್ಲ. ಅವ್ವನ ಮುಖ ನೋಡಿದೆ. ಅವಳು ಕಿಟಕಿಯಾಚೆ ಸೂರ್ಯ ಎಲ್ಲಿದ್ದಾನೆಂದು ನೋಡುತ್ತಿದ್ದಳು. ಕೊಡಿಕೊಂಡದ ಬಸ್ಸು ಹೊರಡುವ ಹೊತ್ತು ಮೀರುತ್ತಿತ್ತು. ಗಂಟನ್ನು ಎದೆಗೆ ಒತ್ತಿಕೊಂಡು, “ಇಳ್ದು ಓಡ್ಲೇನಪ್ಪ?” ಎಂದು ಮೆಲ್ಲಗೆ ಕೇಳಿದಳು. ಆ ಮಾತು ಕೇಳಿದ ಮೇಲೆ ನನಗೆ ಓವರ್‌ಸಿಯರ್ ಇಲ್ಲ, ಸಾಹುಕಾರರಿಲ್ಲ. “ನೀನು ಕೂತ್ಕೋ ಅವ್ವ. ಯಾರೂ ಇಳೀಕೂಡದು!” ಎಂದು ಕೂಗಿ, ಬಸ್ಸನ್ನು ತಿರುಗಿಸಲು ಹೇಳಿದೆ. ಈ ಸಲ ಮೆಟ್ಟಿಲು ಬಿಟ್ಟು ಬಾನೆಟ್ಟಿನ ಮೇಲೆಯೇ ಕುಕ್ಕರಿಸಿ ಕೂತೆ, ಕೈಯಲ್ಲಿ ಅದೇ ಬೊಂಬು. ಎಲ್ಲಿಗೆ ತಿರುಗಬೇಕೋ ಅತ್ತ ಬೊಂಬು ಚಾಚುವುದು, ಬೊಂಬು ಚಾಚಿದ ಕಡೆಗೆ ಹನುಮಂತು ಹೊಡೆಯುವುದು. ಕೆಳಗೆ ಎಂಜಿನ್ನು ಕಾದು ಕಾದು ನನಗೆ ಕಿವಿಯಲ್ಲದೆ ಬೇರೆ ಕಡೆಯೂ ಬಿಸಿ ತಾಗುತ್ತಿತ್ತು. ಕರಿಗಲ್ಲಿನ ಹತ್ತಿರ ಬಂದಾಗ ಹನುಮಂತು ಆಸೆಯಿಂದ ಬಲಕ್ಕೆ ನೋಡಿದ. ಬೊಂಬಿನಿಂದ ಗಾಜಿಗೆ ಒಂದು ತಟ್ಟಿದೆ. ಬಸ್ಸು ನೆಟ್ಟಗೆ ಹೋಯಿತು.

ಕೊಡಿಕೊಂಡ ರಸ್ತೆಯ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತ್ತು. ನಿಂತಿತ್ತೆಂದರೆ ಖಾಲಿಯಾಗಿ ನಿಂತಿತ್ತು. ಅದರಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಯಾರಪ್ಪನಿಗೂ ಕಾಯದ ಆ ಬಸ್ಸಿನ ಡ್ರೈವರು, ಕಂಡಕ್ಟರು, ಪ್ರಯಾಣಿಕರು ಎಲ್ಲರೂ ಪೇಟೆಯಲ್ಲಿ ಬಸ್ಸು ಗಿರಗಿರನೆ ತಿರುಗುತ್ತಿದೆ ಎಂದು ಸುದ್ದಿ ಕೇಳಿ ನೋಡಲು ಹೋಗಿದ್ದರಂತೆ. ನಮ್ಮ ಹಿಂದೆಯೇ ಏದುಸಿರು ಬಿಡುತ್ತ ಓಡಿ ಬಂದರು. ಅವ್ವ ನಮ್ಮ ಬಸ್ಸಿನ ಮೆಟ್ಟಿಲಿನಿಂದ ಆ ಬಸ್ಸಿನ ಮೆಟ್ಟಿಲಿಗೆ ನಾಲ್ಕು ಹೆಜ್ಜೆ ಇಟ್ಟು ಹತ್ತಿ ಕೂತಳು. ಕೋಳಿಯನ್ನು ನಾನೇ ಎತ್ತಿ ಕೊಟ್ಟೆ.

ಓವರ್‌ಸಿಯರ್ ಸಾಹೇಬರು ಕೆಳಗಿಳಿದು, ಬಾಗಿಲಿಗೆ ಒರಗಿ, ಊರು ತಿರುಗುವುದು ನಿಲ್ಲುವವರೆಗೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು. ನಾನು ಕೈಕಟ್ಟಿ ನಿಂತೆ. ಬೈಗುಳ ಬರುತ್ತದೆಂದು ಕಾದರೆ ಅವರು ಕೇಳಿದ್ದು ಕಾಗದ, ಪೆನ್ನು. “ಹೋಗೋಕೆ ಜಾಗ ಇದೆಯಾ ಅಂತ ನೋಡಬೇಕಿತ್ತು, ನೋಡಿದೆ. ಬರೋಕೆ ಇದೆಯಾ ಅಂತ ನೋಡಬೇಕಿತ್ತು, ಅದೂ ನೋಡಿದೆ. ತಿರುಗೋಕೆ ಜಾಗ ಇದೆಯಾ ಅಂತ ಮಾತ್ರ ನನಗೆ ಅನುಮಾನ ಇತ್ತು,” ಎಂದು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಹೇಳಿ, “ಇಪ್ಪುಡು ಲೇದು,” ಎಂದರು. ಈಗ ಅನುಮಾನವಿಲ್ಲ ಎಂದು. ನಮ್ಮ ಬಸ್ಸಿನ ಬಿಸಿ ಬಾನೆಟ್ಟಿನ ಮೇಲೆಯೇ ಕಾಗದ ಇಟ್ಟು ಬರೆದು, ರುಜು ಹಾಕಿ, ಊದಿ ಒಣಗಿಸಿ ಸರ್ಟಿಫಿಕೇಟನ್ನು ನನ್ನ ಕೈಗೆ ಕೊಟ್ಟರು.

ನಾನು ಅದನ್ನು ಕಿಟಕಿಯಿಂದ ಅವ್ವನ ಕೈಗೆ ಕೊಟ್ಟೆ. ಅವಳು ತಲೆಕೆಳಗಾಗಿ ಹಿಡಿದು ನೋಡಿ, ಕಣ್ಣಿಗೊತ್ತಿಕೊಂಡು ವಾಪಸು ಕೊಟ್ಟಳು. ಸುತ್ತ ಜನ ಸೇರಿದ್ದರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಂಥ ಹೊತ್ತಿನಲ್ಲಿ ಓದಿದವನು ಏನಾದರೂ ತೂಕವಾಗಿ ಮಾತಾಡಬೇಕು. ಎದೆಯುಬ್ಬಿಸಿ ಹನುಮಂತುವಿನ ಕಡೆ ತಿರುಗಿ, “ಅಲ್ಲಯ್ಯ, ಮೊದಲನೇ ಸಲಕ್ಕೇ ನೆಟ್ಟಗೆ ಬರೋಕೆ ಏನಾಗಿತ್ತು ನಿನಗೆ? ಹೇಳಿಕೊಟ್ಟದ್ದನ್ನು ಒಂದು ಸಲಕ್ಕೆ ಸರಿಯಾಗಿ ಮಾಡೋಕಾಗಲ್ವಾ?” ಎಂದು ಎಲ್ಲರಿಗೂ ಕೇಳುವಂತೆ ಗದರಿದೆ. ಅವನು ಪಾಪ, ತಲೆ ತಗ್ಗಿಸಿದ. ಕೊಡಿಕೊಂಡದ ಬಸ್ಸು ಹೊರಟಿತು. ಹೊರಟ ಬಸ್ಸಿನ ಕಿಟಕಿಯಿಂದ ಅವ್ವ ತಲೆ ಹೊರಗೆ ಹಾಕಿ, ನನಗಿಂತ ಗಟ್ಟಿಯಾಗಿ ಕೂಗಿದಳು:

“ಅವ್ನನ್ಯಾಕಪ್ಪ ಬಯ್ತೀಯ? ನೀನು ಬಿ.ಎ. ಮೂರ್ನೇ ಸಲಕ್ಕೆ ಪಾಸಾದಾಗ ಅವ್ನೇನಾದ್ರೂ ಅಂದಿದ್ನಾ?”